ಅಂಗೈಯಿಂದ ಜಾರಿದ ನೂಲು

ನಮ್ಮೂರು ಕುಂಬ್ಡಾಜೆಯ ದೇವಸ್ಥಾನದಲ್ಲಿ ಭಟ್ಟರು ಕೈ ತಾಗಿಸದೆ ಮೇಲಿನಿಂದ ಹಾಕಿದ ಮಂತ್ರಿಸಿದ ನೂಲು ನನ್ನ ಅಂಗೈಯಿಂದ ಜಾರಿ ನೆಲಕ್ಕೆ ಬಿತ್ತು. ಇನ್ನೊಂದು ಕೊಟ್ಟರು. ಅದೂ ಬಿತ್ತು. ದೇವರಿಗೇ ನಾನು ಬೇಡವಾದೆನೇ ಎಂದುಕೊಂಡೆ.

"ಕೈ ಎಂತಕ್ಕೆ ಅಕ್ಕ ಹೀಗೆ ನಡುಗುವುದು?" ಭಟ್ಟರು ಕೇಳಿದರು.

"ಮಾತ್ರೆ ಬಿಟ್ಟು ಎಂಟು ದಿನ ಆಯ್ತು ಭಟ್ರೇ. ನಿಮ್ಮ ನೂಲು ಉಂಟಲ್ಲ ಅಂತ..."

ಖಿನ್ನತೆಗೆಂದು ಡಾಕ್ಟರು ಕೊಟ್ಟ ಮಾತ್ರೆ ಅದು. ನೂಲು ಕಟ್ಟಿಕೊಂಡು ಮಾತ್ರೆಯನ್ನೂ ನುಂಗಿದರೆ ದೇವರನ್ನು ಪೂರ್ತಿ ನಂಬದ ಹಾಗೆ ಎಂದುಕೊಂಡು, ನೂಲು ಕಟ್ಟಿಸಿಕೊಳ್ಳಲು ನಿಶ್ಚಯಿಸಿದ ದಿನವೇ ಮನೆಯಲ್ಲಿ ಯಾರಿಗೂ ಹೇಳದೆ ನಿಲ್ಲಿಸಿದ್ದೆ.

ಭಟ್ಟರ ಮುಖ ಕಪ್ಪಿಟ್ಟಿತು. ಹಿಂದೆ ನಿಂತವರಿಗೆ ಕೇಳದಂತೆ ದನಿ ತಗ್ಗಿಸಿದರು. "ನನ್ನ ತಮ್ಮನೂ ಹೀಗೇ ಬಿಟ್ಟದ್ದು. ಅವನಿಗೆ ನೂಲು ಕೊಟ್ಟದ್ದು ನಾನೇ. ಮಾತ್ರೆ ಬಿಡಬೇಡ ಅಂತ ಒಂದು ಮಾತು ಹೇಳ್ಲಿಲ್ಲ. ನೀವು ಇವತ್ತೇ ಡಾಕ್ಟ್ರ ಹತ್ರ ಹೋಗಿ. ನೂಲು ಆಮೇಲೆ ಕೊಡ್ತೇನೆ."

ಈಗ ನೂಲು ಕಟ್ಟಿದ ಕೈಯಿಂದಲೇ ದಿನವೂ ಮಾತ್ರೆ ನುಂಗುತ್ತೇನೆ. ಪ್ರಸಾದಕ್ಕೆ ಅಂಗೈ ಚಾಚಿದಾಗಲೆಲ್ಲ ಭಟ್ಟರು ಮೊದಲು ನನ್ನ ಬೆರಳುಗಳನ್ನು ನೋಡುತ್ತಾರೆ. ಅವರ ತಮ್ಮನಿಗೆ ಏನಾಯಿತೆಂದು ನಾನಿನ್ನೂ ಕೇಳಿಲ್ಲ.