ಗೆರೆ ದಾಟಿದ ಅಮೆರಿಕದವನು

ನಮ್ಮ ಆಫೀಸಿನ ಅಮೆರಿಕದ ಎಂಜಿನಿಯರ್ ಕಾಲೇಜಿನಲ್ಲಿ ಅವರ ದೇಶದ ಫುಟ್‌ಬಾಲ್ ಆಡಿದವನು. ಅದರಲ್ಲಿ ಚೆಂಡನ್ನು ಒದೆಯುವುದು ಕಡಿಮೆ. ಬಗಲಲ್ಲಿ ಅವುಚಿಕೊಂಡು, ಹಿಡಿಯಲು ಬಂದವರನ್ನು ತಪ್ಪಿಸಿ ಕೊನೆಯ ಗೆರೆ ದಾಟಬೇಕು. ಹಾಗೆ ಓಡಿದ್ದರಲ್ಲಿ ಕಾಲೇಜಿನ ದಾಖಲೆ ಇವತ್ತಿಗೂ ಇವನದೇ ಅಂತೆ. ಮೊಣಕಾಲಿಗೆ ಪೆಟ್ಟಾಗಿ ಆಟ ಬಿಟ್ಟಿದ್ದ.

"ಒಂದು ರೈಡಿಗೆ ಆ ಮೊಣಕಾಲು ಸಾಕು ಮಾರಾಯ್ರೆ," ಎಂದರು ನಮ್ಮ ಕಬಡ್ಡಿ ಟೀಮಿನ ಸುಧಾಕರಣ್ಣ.

ಶುಕ್ರವಾರ ಮಸ್ಕತ್ತಿನ ಅಲ್ ಮಬೇಲಾದಲ್ಲಿ ರುಸ್ತಾಕ್ ಊರಿನ ಟೀಮಿನ ಜೊತೆ ಪಂದ್ಯ. ಗೆಲ್ಲಲು ಒಂದೇ ಅಂಕ ಬೇಕಿದ್ದಾಗ ಅವನನ್ನು ಕಳಿಸಿದೆವು. ಮೂವರನ್ನು ಮೈಮೇಲೆ ಎಳೆದುಕೊಂಡೇ ನುಗ್ಗಿದ, ಅವರ ಹಿಂದಿನ ಗೆರೆಯನ್ನೂ ದಾಟಿ ಎರಡೂ ಕೈ ಎತ್ತಿ ನಿಂತ. ರೆಫ್ರಿ ಔಟ್ ಕೊಟ್ಟರು.

"ವಾಪಸ್ ಬರಬೇಕಿತ್ತು," ಎಂದೆ.

"ಅಷ್ಟು ಕಷ್ಟಪಟ್ಟು ದಾಟಿದ ಮೇಲೆ ಯಾರು ವಾಪಸ್ ಬರ್ತಾರೆ?" ಎಂದು ಕೇಳಿದ.

ಎರಡು ವರ್ಷಕ್ಕೆಂದು ಮಸ್ಕತ್ತಿಗೆ ಬಂದು ಇಲ್ಲೇ ತಲೆ ನರೆಸಿಕೊಂಡ ನಾವೆಲ್ಲ ಅವನ ಬೆನ್ನು ತಟ್ಟಿದೆವು.