ಕಚ್ಚೆ ಸೀರೆಯ ಮೇಲೊಂದು ಕೆಂಪು ಕೋಟು

ನೈರೋಬಿಯಲ್ಲಿ ಡಿಸೆಂಬರ್ ತಿಂಗಳಲ್ಲಿ ಉಣ್ಣೆ ಬಟ್ಟೆ ಹುಡುಕಿಕೊಂಡು ಓಡಾಡುವವರನ್ನು ಹುಚ್ಚರ ಲೆಕ್ಕಕ್ಕೇ ಹಾಕಬೇಕು. ಅಲ್ಲಿ ಚಳಿ ಬೀಳುವುದು ಜುಲೈನಲ್ಲಿ. ಡಿಸೆಂಬರ್ ಅಂದರೆ ಚುರುಚುರು ಬಿಸಿಲು, ಶಾಲೆಗಳಿಗೆ ರಜೆ, ಅರ್ಧ ಊರೇ ಮೊಂಬಾಸಾದ ಸಮುದ್ರಕ್ಕೆ ಹೊರಡುವ ಕಾಲ. ಅಂಗಡಿಗಳ ಗಾಜಿನ ಹಿಂದೆ ಈಜುಡುಗೆಗಳು, ಹುಲ್ಲಿನ ಟೋಪಿಗಳು. ನಾನು ಬೆವರು ಒರೆಸಿಕೊಳ್ಳುತ್ತಾ ಒಳಗೆ ನುಗ್ಗಿ, ದಪ್ಪ ಕೋಟು ಇದೆಯಾ, ತುಂಬಾ ದಪ್ಪದ್ದು, ಎಂದು ಕೇಳುತ್ತಿದ್ದೆ. ಅಂಗಡಿಯ ಹುಡುಗಿ ಮೊದಲು ನನ್ನ ಮುಖ ನೋಡುವಳು, ಆಮೇಲೆ ಹೊರಗಿನ ಬಿಸಿಲು ನೋಡುವಳು, ಕೊನೆಗೆ ಬಹಳ ಮರ್ಯಾದೆಯಿಂದ "ಪೋಲೆ, ಮಾಮಾ" ಅನ್ನುವಳು. ಮಾಮಾ ಅಂದರೆ ಅಲ್ಲಿನ ಸ್ವಾಹಿಲಿಯಲ್ಲಿ ಅಮ್ಮ. ಪೋಲೆ ಅಂದರೆ ಕ್ಷಮಿಸಿ ಎಂದೂ ಹೌದು, ಅಯ್ಯೋ ಪಾಪ ಎಂದೂ ಹೌದು. ನನಗೆ ಹೇಳಿದ್ದು ಎರಡನೆಯದೇ, ಅನುಮಾನವಿಲ್ಲ.

ಇಷ್ಟೆಲ್ಲಕ್ಕೂ ಕಾರಣ ನಮ್ಮ ಯಜಮಾನರ ಕೆಲಸ. ಅವರು ಔಷಧಿ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಮಾತ್ರೆ ಪ್ಯಾಕ್ ಮಾಡುವ ಹೊಸ ಮೆಷಿನ್ನನ್ನು ನೋಡಿ, ಓಡಿಸಿ, ಒಪ್ಪಿಕೊಂಡು ಬನ್ನಿ ಎಂದು ಕಂಪನಿಯವರು ಅವರನ್ನು ಫ್ರಾನ್ಸಿನ ಲಿಯಾನ್ ಪಟ್ಟಣಕ್ಕೆ ಕಳಿಸುತ್ತಿದ್ದರು. ಹನ್ನೆರಡು ವರ್ಷದ ಮಗಳಿಗೆ ರಜೆ. ನಾವೂ ಬರುತ್ತೇವೆ ಎಂದು ಹಟ ಹಿಡಿದೆವು. ಮೈಸೂರಿನಿಂದ ನಮ್ಮ ಜೊತೆ ಇರಲು ಬಂದಿದ್ದ ಅತ್ತೆಗೂ ವೀಸಾ ಸಿಕ್ಕೇಬಿಟ್ಟಿತು. ಆ ಸುದ್ದಿ ಬಂದಾಗ ನಾನು ಪಾರ್ಕ್‌ಲ್ಯಾಂಡ್ಸ್‌ನ ನಮ್ಮ ಫ್ಲಾಟಿನ ಅಡುಗೆಮನೆಯಲ್ಲಿ ಕುಣಿದೆ. ಮಾತಿಗೆ ಹೇಳುತ್ತಿಲ್ಲ, ಸಾರಿನ ಸೌಟು ಹಿಡಿದುಕೊಂಡು ನಿಜವಾಗಿಯೂ ಕುಣಿದೆ. ಅತ್ತೆ ಬಾಗಿಲಲ್ಲಿ ನಿಂತು, "ಸಾಕು ಕಣೇ, ಕೆಳಗಿನ ಮನೆಯವರು ಬೈತಾರೆ" ಅಂದರು. ಆದರೆ ಅವರ ಕಾಲ ಹೆಬ್ಬೆರಳೂ ತಾಳ ಹಾಕುತ್ತಿತ್ತು, ನಾನು ನೋಡಿದೆ.

ಯಜಮಾನರು ಮಾತ್ರ ಅಂದಿನಿಂದಲೇ ಗಂಭೀರವಾದರು. ದಿನಾ ಆಫೀಸಿನ ಕಂಪ್ಯೂಟರಿನಲ್ಲಿ ಲಿಯಾನಿನ ಹವಾಮಾನ ನೋಡಿಕೊಂಡು ಬಂದು, ಊಟದ ತಟ್ಟೆಯ ಮುಂದೆ ಕೂತು ಅದನ್ನು ಸಾವಿನ ಸುದ್ದಿಯ ಹಾಗೆ ಹೇಳುತ್ತಿದ್ದರು.

"ಮೈನಸ್‌ಗೆ ಹೋಗ್ತಿದೆ. ಸ್ಟೈಲು ಗೀಲು ಎಲ್ಲಾ ಮರೆತುಬಿಡಿ. ಮೈ ಬೆಚ್ಚಗಿದ್ರೆ ಸಾಕು."

ಹೇಳಿದ್ದಷ್ಟೇ ಅಲ್ಲ, ಕಪಾಟಿನ ತಳದಿಂದ ತಮ್ಮ ಕಂದು ಬಣ್ಣದ ಮಂಕಿ ಕ್ಯಾಪ್ ಹೊರತೆಗೆದು ತಲೆಗೇರಿಸಿ ನಮ್ಮೆದುರು ನಿಂತರು. ಕಣ್ಣು, ಮೂಗು ಬಿಟ್ಟರೆ ಮನುಷ್ಯರ ಗುರುತೇ ಇಲ್ಲ. ಮಗಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. "ಅಪ್ಪಾ, ನೋ ವೇ! ಐ ವಿಲ್ ವಾಕ್ ಬಿಹೈಂಡ್ ಯೂ. ಫಾರ್ ಬಿಹೈಂಡ್!"

ನಾನೂ ಮಗಳ ಪಕ್ಷವೇ. ಅಲ್ಲ, ಜನ ಚೆಂದವಾಗಿ ಬಟ್ಟೆ ಹಾಕುವುದರಲ್ಲೇ ಹೆಸರು ಮಾಡಿದ ದೇಶಕ್ಕೆ ಹೋಗಿ, ಚೂಡಿದಾರದ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಇನ್ನೊಂದು ಸ್ವೆಟರು ಹಾಕಿಕೊಂಡು ಅಕ್ಕಿಮೂಟೆಯ ಹಾಗೆ ನಿಲ್ಲಲು ನನಗೇನು ಗ್ರಹಚಾರ? ಅಂಗಡಿಯಲ್ಲಿ ಸಿಗದಿದ್ದರೆ ಮಿಟುಂಬಾ ಇದೆಯಲ್ಲ ಎಂದು ಹೊರಟೆ.

ಮಿಟುಂಬಾ ಅಂದರೆ ಯುರೋಪು, ಅಮೆರಿಕದವರು ಉಟ್ಟು ಬಿಟ್ಟ ಬಟ್ಟೆ. ದೊಡ್ಡ ದೊಡ್ಡ ಗಂಟುಗಳಲ್ಲಿ ಬಂದು ನೈರೋಬಿಯ ಸಂತೆಗಳಲ್ಲಿ ಬೆಟ್ಟದ ಹಾಗೆ ಬೀಳುತ್ತದೆ. ನಮ್ಮ ಕಡೆಯ ಹೆಂಗಸರು ಅಲ್ಲಿಗೆ ಹೋಗುವುದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೆ ಹೋದರೆ ಒಬ್ಬರಿಗೊಬ್ಬರು ಅಲ್ಲೇ ಸಿಗುತ್ತಿದ್ದರು. ಅತ್ತೆಯೂ ಬರುತ್ತೇನೆಂದರು. ಮಡಿವಂತೆ, ಬೇರೆಯವರು ಉಟ್ಟ ಬಟ್ಟೆ ಕಂಡರೆ ಮೂಗು ಮುರಿಯುತ್ತಾರೇನೋ ಎಂದು ನಾನು ಹೆದರಿದ್ದೆ. ಮೂಗಿಗೆ ಸೆರಗು ಹಿಡಿದುಕೊಂಡೇ ಬಂದರು, ನಿಜ. ಐದು ನಿಮಿಷವಾಗುವಷ್ಟರಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಯಾಗಿತ್ತು, ಎರಡೂ ಕೈ ಮೊಣಕೈವರೆಗೆ ರಾಶಿಯೊಳಗಿತ್ತು.

ಕೋಟು ಎಳೆದು ತೆಗೆದವರು ಅವರೇ. ಕೆಂಪು ಅಂದರೆ ಕೆಂಪು. ದಪ್ಪ ಉಣ್ಣೆ, ದೊಡ್ಡ ಕಾಲರು, ಎರಡು ಸಾಲು ಕಪ್ಪು ಗುಂಡಿ, ಸೊಂಟಕ್ಕೊಂದು ಪಟ್ಟಿ, ಮೊಣಕಾಲು ದಾಟುವ ಉದ್ದ. ಅತ್ತೆ ಅದರ ಕಾಲರನ್ನು ಎರಡು ಸಲ ಸವರಿದರು. ಮಾವನವರು ಹೋದಮೇಲೆ ಅವರು ಉಡುತ್ತಿದ್ದುದು ಬರೀ ಬೂದು, ಕಂದು, ತಿಳಿನೀಲಿ ಸೀರೆಗಳು. ಗಾಢ ಬಣ್ಣದ್ದು ಉಡಬೇಡಿ ಎಂದು ಯಾರೂ ಹೇಳಿರಲಿಲ್ಲ, ಉಡಿ ಎಂದೂ ಯಾರೂ ಹೇಳಿರಲಿಲ್ಲ.

"ತಗೋ, ನಿನಗೆ ಚೆನ್ನಾಗಿದೆ" ಎಂದು ನನ್ನ ಕೈಗೆ ಕೊಟ್ಟರು.

ಹಾಕಿ ನೋಡಿದೆ. ಭುಜ ಜಾರಿತು, ತೋಳು ಬೆರಳು ಮುಚ್ಚಿತು. ನನ್ನಂಥವರು ಇಬ್ಬರು ಅದರೊಳಗೆ ಸಂಸಾರ ಮಾಡಬಹುದಿತ್ತು. ಅತ್ತೆಗೆ ತೊಡಿಸಿದೆ. ಅವರು ಎತ್ತರದ ಹೆಂಗಸು, ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಮಾರುವವಳು ಒಂದು ಒಡಕು ಕನ್ನಡಿ ಎತ್ತಿ ಹಿಡಿದಳು. ಅತ್ತೆ ಮೊದಲು ನೇರವಾಗಿ ನೋಡಿಕೊಂಡರು, ಆಮೇಲೆ ಸ್ವಲ್ಪ ಓರೆಯಾಗಿ, ಆಮೇಲೆ ಕಾಲರನ್ನು ಎತ್ತಿ ಕತ್ತಿಗೆ ತಾಗಿಸಿ.

"ಛೇ, ನನಗ್ಯಾಕೆ ಇದು" ಅಂದರು. ಬಿಚ್ಚಲಿಲ್ಲ.

"ಅತ್ತೆ, ಇದು ಅಲ್ಲಿಂದಲೇ ಬಂದ ಕೋಟು. ನಿಮ್ಮ ಜೊತೆ ವಾಪಸ್ ಹೋಗ್ತಿದೆ ಅಂದ್ಕೊಳ್ಳಿ."

"ಹೌದಾ? ಪಾಪ, ಅದಕ್ಕೂ ತವರಿಗೆ ಹೋಗಿಬರೋ ಆಸೆ ಇರುತ್ತೆ ಬಿಡು" ಅಂದವರು ಆ ಬಿಸಿಲಲ್ಲಿ ಕೋಟು ತೊಟ್ಟುಕೊಂಡೇ ಕಾರಿನವರೆಗೆ ನಡೆದರು. ದಾರಿಯುದ್ದಕ್ಕೂ ಮಿಟುಂಬಾ ಮಾರುವವರು ಕೇಕೆ ಹಾಕಿದರು.

ಸಂಜೆ ಯಜಮಾನರು ಬಂದಾಗ ಅತ್ತೆ ಹಾಲ್‌ನಲ್ಲಿ ಕೋಟು ತೊಟ್ಟು ನಿಂತಿದ್ದರು. ದೀಪ ಹಚ್ಚುವುದಕ್ಕೂ ಬಿಚ್ಚಿರಲಿಲ್ಲ. "ಹೇಗಿದೆಯೋ? ಚೆನ್ನಾಗಿ ಕಾಣ್ತೀನಾ?" ಎಂದು ಕೇಳಿದರು. ಕೇಳಲು ಎಷ್ಟು ನಾಚಿಕೆಯಾಯಿತೋ, ಅಂದುಬಿಟ್ಟು ಕಿಟಕಿಯ ಕಡೆ ತಿರುಗಿದರು.

ಇವರು ಬಟ್ಟೆಯ ದಪ್ಪವನ್ನು ಬೆರಳಲ್ಲಿ ಹಿಸುಕಿ ನೋಡಿದರು. "ಮೇಲೆ ಸರಿ. ಕೆಳಗೆ? ಸೀರೆ ಒಳಗೆ ಗಾಳಿ ನುಗ್ಗುತ್ತಮ್ಮ. ನೀನು ಪ್ಯಾಂಟ್ ಹಾಕ್ಕೋಬೇಕು."

"ಪ್ಯಾಂಟಾ? ನಾನಾ?" ಅತ್ತೆ ಕೋಟಿನ ಗುಂಡಿ ಒಂದೊಂದಾಗಿ ಬಿಚ್ಚತೊಡಗಿದರು. "ಬೇಕಾದ್ರೆ ನನ್ನ ಬಿಟ್ಟು ಹೋಗಿ. ಪ್ಯಾಂಟ್ ಮಾತ್ರ ನಾನು ಹಾಕಲ್ಲ."

ಇಂಜಿನಿಯರುಗಳಿಗೆ ಜಗಳ ಬೇಡ, ಪರೀಕ್ಷೆ ಬೇಕು. ಕಾರ್ಖಾನೆಯಲ್ಲಿ ಆಗಷ್ಟೇ ಹೊಸ ಕೋಲ್ಡ್ ರೂಮ್ ಕಟ್ಟಿದ್ದರು. ಔಷಧಿ ಇನ್ನೂ ತುಂಬಿರಲಿಲ್ಲ, ಖಾಲಿ ಕೋಣೆಯನ್ನೇ ತಣ್ಣಗೆ ಮಾಡಿ ನೋಡುತ್ತಿದ್ದರು. "ಭಾನುವಾರ ಎಲ್ಲರೂ ಪ್ಯಾಕ್ ಮಾಡೋ ಬಟ್ಟೆ ಹಾಕ್ಕೊಂಡು ಅದರೊಳಗೆ ನಿಲ್ಲಿ. ತಡ್ಕೊಂಡವರು ಲಿಯಾನ್‌ಗೆ. ಅಮ್ಮ, ನಿನಗೆ ಆಗದಿದ್ರೆ ಬಲವಂತ ಇಲ್ಲ. ಎದುರು ಫ್ಲಾಟಿನ ಗುಜರಾತಿ ಅಜ್ಜಿ ಜೊತೆ ಇರು. ಅಲ್ಲಿ ಕಾಯಿಲೆ ಬಿದ್ರೆ ನಾನು ಮೆಷಿನ್ ನೋಡಲೋ, ನಿನ್ನ ನೋಡಲೋ?"

ಅವರ ಭಯ ಸುಳ್ಳಲ್ಲ. ಆದರೂ ನನಗೆ ಸಿಟ್ಟು ನೆತ್ತಿಗೇರಿತು. ಹೆತ್ತ ತಾಯಿಗೆ ಮಾತ್ರೆ ಡಬ್ಬಿಗೆ ಇಟ್ಟ ಹಾಗೆ ಪರೀಕ್ಷೆ ಇಡುವುದೇ? ಅತ್ತೆ ಮಾತ್ರ, "ಆಗಲಿ, ನೋಡೇಬಿಡೋಣ" ಅಂದರು.

ಭಾನುವಾರ ಇಂಡಸ್ಟ್ರಿಯಲ್ ಏರಿಯಾದ ರಸ್ತೆಗಳು ಖಾಲಿ. ಕಾರ್ಖಾನೆಯ ವಾಚ್‌ಮನ್ ಗೇಟು ತೆಗೆದು, ಕೆಂಪು ಕೋಟು, ಹಸಿರು ಮಫ್ಲರು, ಮಂಕಿ ಕ್ಯಾಪ್‌ಗಳೆಲ್ಲ ಸಾಲಾಗಿ ಇಳಿಯುವುದನ್ನು ಬಾಯಿ ತೆರೆದು ನೋಡಿದ. "ಸವಾ?" ಎಂದು ಕೇಳಿದ, ಎಲ್ಲ ಸರಿ ತಾನೇ ಎಂಬಂತೆ. "ಸವಾ, ಸವಾ" ಎಂದು ಮಗಳು ನಗು ತಡೆಯಲಾರದೆ ಒಳಗೋಡಿದಳು.

ಕೋಲ್ಡ್ ರೂಮಿನ ಬಾಗಿಲು ಮುಚ್ಚಿತು. ತಗಡಿನ ಗೋಡೆ, ಮೇಲೊಂದು ದೊಡ್ಡ ಫ್ಯಾನು. ಮೊದಲು ನಾವೆಲ್ಲ ಹುಚ್ಚು ಹಿಡಿದವರ ಹಾಗೆ ನಕ್ಕೆವು. ಮಗಳು ಬಾಯಿಂದ ಹಬೆ ಬಿಟ್ಟಳು, ನಾನೂ ಬಿಟ್ಟೆ, ಅತ್ತೆಯೂ ತುಟಿ ಗುಂಡಗೆ ಮಾಡಿ ಬಿಟ್ಟು, "ಅಯ್ಯೋ, ನೋಡ್ರೇ, ಹೊಗೆ!" ಎಂದು ಚಪ್ಪಾಳೆ ತಟ್ಟಿದರು. ನಾನೂ ಮಗಳೂ ಆ ಕೋಣೆಯ ಉದ್ದಕ್ಕೆ ಸೊಂಟದ ಮೇಲೆ ಕೈಯಿಟ್ಟು ಫ್ಯಾಷನ್ ಶೋ ನಡೆಸಿದೆವು. ಆದರೆ ಫ್ಯಾನು ಬೀಸುತ್ತಲೇ ಇತ್ತು. ಅತ್ತೆಯ ಸೀರೆಯ ಅಂಚು ಪಟಪಟ ಎಂದಿತು. ಚಪ್ಪಲಿಯೊಳಗೆ ತೆಳ್ಳನೆ ಕಾಲುಚೀಲ, ಅಷ್ಟೇ.

"ಅಮ್ಮ, ಚಳಿ ಆಗ್ತಿದೆಯಾ?" ಎಂದು ಇವರು ಕೇಳಿದರು.

"ಚಳಿನಾ? ಎಲ್ಲಿದೆ ಚಳಿ?"

ಹಲ್ಲು ಕಚ್ಚಿಕೊಂಡು ಹೇಳಿದರು. ಹಲ್ಲನ್ನೇನೋ ಕಚ್ಚಬಹುದು, ಬಳೆಯನ್ನು ಏನು ಮಾಡುವುದು? ಅವರ ಕೈಯ ಎರಡು ಚಿನ್ನದ ಬಳೆ ಗಿಲಿಗಿಲಿ, ಗಿಲಿಗಿಲಿ ಎಂದು ಫ್ಯಾನಿನ ಸದ್ದನ್ನೂ ಮೀರಿ ಚಾಡಿ ಹೇಳುತ್ತಿದ್ದವು. ಇವರು ಬಾಗಿಲು ತೆರೆದರು.

ಮನೆಗೆ ಬಂದವರೇ ಅತ್ತೆ ಕೋಟನ್ನು ಮಡಿಸಿ ನನ್ನ ಮಂಚದ ಮೇಲಿಟ್ಟು, "ಹೊಲಿಸಿ ಚಿಕ್ಕದು ಮಾಡಿಸ್ಕೋ, ನೀನೇ ಹಾಕ್ಕೋ" ಅಂದರು. ನನಗೆ ಅಳು ಬಂತು. ಅಷ್ಟು ದಿನ ಕುಣಿದದ್ದೆಲ್ಲ ನೀರಲ್ಲಿ ಹೋಮ ಮಾಡಿದಂತಾಯಿತು. ಅವರಿಲ್ಲದೆ ನಾನೂ ಹೋಗುವುದಿಲ್ಲ ಎಂದುಬಿಡಲೇ ಎಂದು ಎರಡು ಸಲ ಹಾಲ್‌ವರೆಗೆ ಹೋಗಿ ತಿರುಗಿ ಬಂದೆ. ಲಿಯಾನ್‌ನ ಆಸೆಯೂ ನನ್ನನ್ನು ಬಿಡುತ್ತಿರಲಿಲ್ಲ, ಅದೂ ನಿಜವೇ.

ಎರಡು ದಿನ ಹೀಗೇ ಕಳೆಯಿತು. ಮೂರನೆಯ ದಿನ ಮಗಳು ಸೂಟ್‌ಕೇಸಿಗೆ ತುಂಬಲು ತನ್ನ ಹೊಸ ಪ್ಯಾಂಟುಗಳನ್ನು ಹರಡಿಕೊಂಡಿದ್ದಳು. ಒಂದು ತುಂಬಾ ದೊಗಳೆ, ತೊಡೆಯ ಹತ್ತಿರ ನೆರಿಗೆ ನೆರಿಗೆಯಾಗಿ ಕೆಳಗೆ ಬಿಗಿಯಾಗುವಂಥದ್ದು. ಅತ್ತೆ ಕನ್ನಡಕ ಏರಿಸಿ ನೋಡಿದರು.

"ಇದೇನೇ ಇದು, ಕಚ್ಚೆ ಹಾಕಿದ ಹಾಗಿದೆ?"

"ಅಜ್ಜಿ, ದಿಸ್ ಈಸ್ ಫ್ಯಾಷನ್. ವಾಟ್ ಈಸ್ ಕಚ್ಚೆ?"

ಕಚ್ಚೆ ಅಂದರೆ ಏನೆಂದು ಹೇಳಲು ಅತ್ತೆ ಬಾಯಿ ತೆರೆದರು. ತೆರೆದ ಬಾಯಿ ಹಾಗೆಯೇ ನಿಂತಿತು. ಅತ್ತೆಯೂ ನಾನೂ ಒಬ್ಬರ ಮುಖ ಒಬ್ಬರು ನೋಡಿದೆವು. ಯಾರು ಮೊದಲು ನಕ್ಕರೋ ಗೊತ್ತಿಲ್ಲ.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಅತ್ತೆ ಹಣೆ ಚಚ್ಚಿಕೊಂಡರು. "ಹಬ್ಬಕ್ಕೆ, ಮಡಿಗೆ ಅಂತ ಜೀವಮಾನವೆಲ್ಲಾ ಕಚ್ಚೆ ಹಾಕಿದ್ದೀನಿ. ಅದು ಪ್ಯಾಂಟಲ್ಲದೆ ಇನ್ನೇನೇ?"

ಆಮೇಲೆ ಮನೆಯಲ್ಲಿ ನಡೆದದ್ದು ಮದುವೆಯ ಸಡಗರವೇ. ಮತ್ತೆ ಮಿಟುಂಬಾಕ್ಕೆ ಓಡಿದೆವು. ಸೊಂಟದವರೆಗೆ ಬರುವ ದಪ್ಪ ಉಣ್ಣೆಯ ಬಿಗಿ ಲೆಗ್ಗಿಂಗ್ಸ್ ಸಿಕ್ಕಿತು. ಇದು ಪ್ಯಾಂಟಲ್ಲವೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅತ್ತೆಯೇ, "ಇದು ಉದ್ದನೆ ಕಾಲುಚೀಲ" ಎಂದು ತೀರ್ಪು ಕೊಟ್ಟರು. ಮೊಣಕಾಲಿನವರೆಗಿನ ಕಪ್ಪು ಬೂಟು ಸಿಕ್ಕಿತು. ಅದಕ್ಕೆ ಮಾರುವವರಿಂದ ಇನ್ನೊಂದಷ್ಟು ಕೇಕೆ. ಮನೆಗೆ ಬಂದು ಬೂದು ಬಣ್ಣದ ದಪ್ಪ ರೇಷ್ಮೆ ಸೀರೆಯನ್ನು ಲೆಗ್ಗಿಂಗ್ಸ್ ಮೇಲೆ ಕಚ್ಚೆ ಹಾಕಿ ಉಟ್ಟರು. ನೆರಿಗೆ ಕಾಲಿನ ನಡುವೆ ಹಿಂದಕ್ಕೆ ಹೋಗಿ ಸೊಂಟದಲ್ಲಿ ಸಿಕ್ಕಿಕೊಂಡಿತು, ಅಂಚು ಬೂಟಿನೊಳಗೆ ಸೇರಿತು. ಮೇಲೆ ಕೆಂಪು ಕೋಟು, ಸೊಂಟಕ್ಕೆ ಪಟ್ಟಿ. ಗಾಳಿಗೆ ಎಲ್ಲೂ ದಾರಿಯಿಲ್ಲ.

ಮಗಳು ಸುತ್ತ ಒಂದು ಪ್ರದಕ್ಷಿಣೆ ಬಂದಳು. "ಅಜ್ಜಿ, ಯೂ ಲುಕ್ ಸೋ ಕೂಲ್. ಐ ವಿಲ್ ವಾಕ್ ವಿತ್ ಯೂ."

"ಅಂದ್ರೆ ಏನಂದ್ಲು?"

"ಅವರಪ್ಪನ ಜೊತೆ ನಡಿಯಲ್ವಂತೆ, ನಿಮ್ಮ ಜೊತೆ ನಡೀತಾಳಂತೆ" ಅಂದೆ.

ಮುಂದಿನ ಭಾನುವಾರ ಮತ್ತೆ ಕೋಲ್ಡ್ ರೂಮ್. ಅತ್ತೆಯೇ ಕೇಳಿದ್ದು. ಇವರು ಇನ್ನೂ ನಂಬಿಕೆಯಿಲ್ಲದವರ ಹಾಗೆ ಹಿಂದೆ ಬಂದರು. ಅವಸರದಲ್ಲಿ ತಮ್ಮ ದಪ್ಪ ಜಾಕೆಟ್ಟನ್ನು ಮನೆಯಲ್ಲೇ ಮರೆತು ಬರೀ ಅಂಗಿಯಲ್ಲಿ ಬಂದಿದ್ದರು, ಆದರೆ ಮಂಕಿ ಕ್ಯಾಪ್ ಮರೆತಿರಲಿಲ್ಲ. ಬಾಗಿಲು ಮುಚ್ಚಿತು. ಫ್ಯಾನು ಬೀಸಿತು. ಅತ್ತೆ ನಡುವೆ ಹೋಗಿ, ಕಾಲರು ಎತ್ತಿ, ಎರಡೂ ಕೈಯನ್ನು ಕೋಟಿನ ಜೇಬಿಗೆ ಹಾಕದೆ ಬೇಕೆಂದೇ ಹೊರಗೆ ಬಿಟ್ಟು ನಿಂತರು. ನಾವೆಲ್ಲ ಅವರ ಬಳೆಯನ್ನೇ ನೋಡುತ್ತಿದ್ದೆವು. ನನ್ನ ಬೆರಳು ಮರಗಟ್ಟಿತು, ಮಗಳು ಕುಪ್ಪಳಿಸತೊಡಗಿದಳು. ಬಳೆ ಅಲುಗಲಿಲ್ಲ.

ಇವರು ತಾಯಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದರು. ಬಟ್ಟೆ ಹಿಸುಕಲು ಕೈ ಚಾಚಲಿಲ್ಲ. ಮಂಕಿ ಕ್ಯಾಪನ್ನು ಗಲ್ಲದ ಕೆಳಗೆ ಎಳೆದು, ಮೆತ್ತಗೆ, ಸ್ವಲ್ಪ ಬೇರೆ ಕಡೆ ನೋಡುತ್ತಾ ಅಂದರು, "ಚೆನ್ನಾಗಿ ಕಾಣ್ತಿದೀಯ ಅಮ್ಮ."

"ಏನಂದೆ?" ಅತ್ತೆ ಕಿವಿಗೆ ಕೈ ಹಿಡಿದರು. "ಈ ಫ್ಯಾನ್ ಸದ್ದಲ್ಲಿ ಏನೂ ಕೇಳಿಸಲ್ಲ ಕಣೋ."

ಮೂರನೆಯ ಕೋಣೆಯಲ್ಲಿ ಮಲಗಿದ್ದರೂ ಹಾಲು ಉಕ್ಕುವ ಸದ್ದು ಕೇಳಿಸಿಕೊಳ್ಳುವ ಹೆಂಗಸು! ನಾನು ತುಟಿ ಕಚ್ಚಿಕೊಂಡೆ.

"ಚೆನ್ನಾಗಿ ಕಾಣ್ತಿದೀಯ ಅಂದೆ!"

"ಹಾಂ?"

"ಅಮ್ಮ! ನೀನು! ತುಂಬಾ! ಚೆನ್ನಾಗಿ! ಕಾಣ್ತಿದೀಯ!"

ತಗಡಿನ ಗೋಡೆಗಳು ಅದನ್ನೇ ನಾಲ್ಕು ಸಲ ಹೇಳಿದವು. ಹೊರಗಿನಿಂದ ವಾಚ್‌ಮನ್ ಗಾಬರಿಯಾಗಿ ಬಾಗಿಲು ಬಡಿದು "ಸವಾ?" ಎಂದು ಕೂಗಿದ. ಅತ್ತೆ ನಿಧಾನಕ್ಕೆ ಕೋಟಿನ ಪಟ್ಟಿ ಬಿಗಿ ಮಾಡಿಕೊಂಡು, ಕಾಲರು ಸರಿಮಾಡಿಕೊಂಡು, ಮಗನ ಕಡೆ ತಿರುಗಿದರು.

"ಸರಿ, ಇನ್ನು ಬಾಗಿಲು ತೆಗಿ. ಆಗಿನಿಂದ ನಡುಗ್ತಾ ನಿಂತಿದೀಯ, ನಿನಗೆ ಚಳಿ ತಡೆಯಕ್ಕಾಗ್ತಿಲ್ಲ."