ಎರಡು ಮನಸ್ಸಿನ ರಾಜ

ಅಳುವವನ ಗಂಟಲು ಯಾವುದು, ಅಳುವಂತೆ ನಟಿಸುವವನ ಗಂಟಲು ಯಾವುದು ಎಂಬುದನ್ನು ಒಂದು ಹರಿದಾರಿ ದೂರದಿಂದಲೇ ಹೇಳಬಲ್ಲವನು ಕಡೂರು, ತರೀಕೆರೆ, ಅಜ್ಜಂಪುರ ಮೂರು ಊರಿಗೂ ನಾನೊಬ್ಬನೇ. ಹಾಗೆಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಹಿರೇನಲ್ಲೂರಿನ ಹೊನ್ನಯ್ಯ ತೊಗಲುಗೊಂಬೆ ಆಡಿಸುವವನು. ಒಮ್ಮೆ ತರೀಕೆರೆಗೆ ನಾಟಕದ ಕಂಪನಿ ಬಂದಿತ್ತು. ಅವರ ನಾಟಕದಲ್ಲಿ, ಅನುಮಾನಪಟ್ಟು ಹೆಂಡತಿಯನ್ನು ಕಾಡಿಗೆ ಅಟ್ಟಿದ ರಾಜನೊಬ್ಬ, ಆಮೇಲೆ ಮನಸ್ಸು ಎರಡು ಹೋಳಾಗಿ, ತನ್ನೊಡನೆ ತಾನೇ ಜಗಳವಾಡುತ್ತ ಮೂರು ಗಂಟೆ ಅತ್ತ. ಆ ಕಣ್ಣೀರಿಗೆ ತರೀಕೆರೆಯ ಕೆರೆ ಕೋಡಿ ಬಿತ್ತು. ಹೊನ್ನಯ್ಯ ನೋಡಿ ಬಂದವನೇ ಅದನ್ನು ಕಾಲು ಗಂಟೆಯ ಗೊಂಬೆಯಾಟ ಮಾಡಿದ. ರಾಜನ ಎರಡು ಮನಸ್ಸಿಗೆ ಎರಡು ಪುಟ್ಟ ಗೊಂಬೆ ಕತ್ತರಿಸಿ ಹೆಗಲ ಮೇಲೆ ಕೂರಿಸಿದ. ಅವು ರಾಜನ ಕಿವಿ ಹಿಡಿದು ಆ ಕಡೆ ಈ ಕಡೆ ಜಗ್ಗುತ್ತಿದ್ದವು. ಕೊನೆಗೆ ರಾಜ, "ರಾಣೀ, ಯಾವ ಕಾಡಲ್ಲಿದ್ದೀಯೇ!" ಎಂದು ಗೋಳಿಡುವನು. ಪರದೆಯ ಹಿಂದಿನಿಂದ ಹೊನ್ನಯ್ಯನ ಹೆಂಡತಿ ಹುಲಿಗೆಮ್ಮ, "ಒಲೆ ಮುಂದೆ ಇದೀನಿ ಕಣ್ರೀ, ಸೊಪ್ಪು ಸೋಸ್ತಾ!" ಎನ್ನುವಳು. ಜನ ನಕ್ಕ ರಭಸಕ್ಕೆ ಬೀರೂರಿಗೆ ಹೊರಟ ರೈಲು ಹಿಂದಕ್ಕೆ ಸರಿದದ್ದುಂಟು.

ದೊಡ್ಡ ಜ್ವರದ ವರ್ಷ ಮಳೆಯೂ ಕೈಕೊಟ್ಟಿತು. ಮಳೆಗಾಗಿ ಗೊಂಬೆ ಆಡಿಸುವುದು ನಮ್ಮ ಕಡೆಯ ರೂಢಿ. ಆಟಕ್ಕೆ ಒಪ್ಪಿ ವೀಳ್ಯ ಹಿಡಿದವನು ಬಿಡುವಂತಿಲ್ಲ. ಹೊನ್ನಯ್ಯ ಅಜ್ಜಂಪುರಕ್ಕೆ ಒಬ್ಬನೇ ಬಂದ. ಹುಲಿಗೆಮ್ಮ ಎಲ್ಲಿ ಎಂದರೆ, "ಬತ್ತಾಳೆ," ಎಂದ.

ದೀಪ ಹಚ್ಚಿ ಆಟ ಶುರುವಾಯಿತು. ರಾಜ ರಾಣಿಯನ್ನು ಕರೆದ. ಉತ್ತರವಿಲ್ಲ. ಮತ್ತೆ ಕರೆದ. ಮೂರನೆಯ ಸಲ ದನಿ ಒಡೆಯಿತು. ಹೆಗಲ ಮೇಲಿನ ಗೊಂಬೆಗಳೆರಡೂ ಜಾರಿ ಬಿದ್ದವು. ಪರದೆಗೆ ಅಂಟಿಕೊಂಡಂತೆ ಕೂತಿದ್ದ ನಾನು, "ಇದು ಹೊಸ ಹಾಸ್ಯ ಕಣ್ರೋ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕೆ. ಜನರೆಲ್ಲ ಒಂದೇ ಗಂಟಲಲ್ಲಿ, "ಒಲೆ ಮುಂದೆ ಇದೀನಿ ಕಣ್ರೀ!" ಎಂದು ಕೂಗಿದರು. ಪರದೆಯ ಹಿಂದೆ ದೀಪ ಆರಿತು.

ಹೋಗಿ ನೋಡಿದರೆ ಹೊನ್ನಯ್ಯ ರಾಣಿಯ ಗೊಂಬೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ.

"ಎಂಥಾ ಅಳು ಅತ್ಯೋ ಹೊನ್ನಯ್ಯ! ಹುಲಿಗೆಮ್ಮ ಇನ್ನೂ ಬರ್ಲಿಲ್ವೇನೋ?"

"ಹೋಗಿ ಎಂಟು ದಿನ ಆಯ್ತು. ಜ್ವರ."

"ಅಯ್ಯೋ... ಒಂದು ಮಾತು ಹೇಳ್ಬಾರ್ದಾಗಿತ್ತಾ? ಸೂತಕ ಇಟ್ಕೊಂಡು ಯಾಕೋ ಬಂದೆ?"

"ಹದಿನೆಂಟು ವರ್ಷ, ಪರದೆ ಹಿಂದೆ ನಾನು ಕರೆದು ಅವಳು ಓಗೊಡದೇ ಇದ್ದಿದ್ದಿಲ್ಲ. ಒಂದ್ಸಲ ಕರೆದು ನೋಡಾಣ ಅಂತ ಬಂದೆ."

"ನಿಜವಾಗ್ಲೂ ಅಳ್ತಿದೀಯ ಅಂತ ಗೊತ್ತಾಗ್ಲಿಲ್ಲ ಕಣೋ," ಎಂದೆ.

ಹೊನ್ನಯ್ಯ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ.

"ಹೆಂಗೆ ಗೊತ್ತಾದೀತು? ನಿಂಗೆ ತಿಳಿಯೋದು ಹರಿದಾರಿ ದೂರದಿಂದ. ಇವತ್ತು ನೀನು ಮಾರು ದೂರದಾಗೆ ಕೂತ್ಬಿಟ್ಟಿದ್ದೆ."